ಸಣ್ಣ ಅಚ್ಚುಮನೆಯ ದೊಡ್ಡ ಕಥೆ

ಪ್ರಶ್ನೆ: ಐರ್ಲೆಂಡಿನ ಸಾಹಿತ್ಯ ಓದಬೇಕು ಅನ್ನಿಸಿದೆ. ಸಣ್ಣ ಪ್ರಕಾಶಕರ ಪುಸ್ತಕಗಳನ್ನೂ ಹುಡುಕಬೇಕಾ?

ಉತ್ತರ: ಖಂಡಿತ ಹುಡುಕಿ. ಡಬ್ಲಿನ್‌ನ ಡಾಲ್ಮೆನ್ ಪ್ರೆಸ್ಸನ್ನೇ ನೋಡಿ. 1951ರಲ್ಲಿ ಲಿಯಮ್ ಮತ್ತು ಜೋಸೆಫಿನ್ ಮಿಲ್ಲರ್ ದಂಪತಿ ಅದನ್ನು ಶುರು ಮಾಡಿದರು. 1969ರಲ್ಲಿ ಅವರು ತಂದ ‘ಟಾಯ್ನ್’ ನನಗೆ ತುಂಬಾ ಹತ್ತಿರದ ಪುಸ್ತಕ. ಒಂದು ಗೂಳಿಗಾಗಿ ನಡೆದ ಯುದ್ಧದ ಹಳೆಯ ಐರಿಶ್ ಕಥೆ ಅದು. ಇಂಗ್ಲಿಷಿಗೆ ತಂದವರು ಕವಿ ಥಾಮಸ್ ಕಿನ್ಸೆಲ್ಲಾ. ಲೂಯಿ ಲ ಬ್ರೋಕಿ ಬರೆದ ಕಪ್ಪು ಶಾಯಿಯ ಚಿತ್ರಗಳಿವೆಯಲ್ಲ, ಅವನ್ನು ನೋಡುತ್ತಾ ಒಂದು ಸಂಜೆ ಪೂರ್ತಿ ಸುಮ್ನೆ ಕೂತಿದ್ದೆ. ಕುಂಚದ ಒಂದೆರಡು ಬಳಿತದಲ್ಲೇ ಸೈನ್ಯ ನಡೆದು ಬರುತ್ತದೆ!

ಇನ್ನೂ ಹಿಂದಕ್ಕೆ ಹೋದರೆ ಕ್ಯುವಾಲಾ ಪ್ರೆಸ್. ಕವಿ ಯೇಟ್ಸರ ತಂಗಿ ಎಲಿಜಬೆತ್ 1908ರಲ್ಲಿ ಕಟ್ಟಿದ್ದು. ಅಲ್ಲಿ ಅಚ್ಚಿನ ಮೊಳೆಗಳನ್ನು (ಲೋಹದ ಅಕ್ಷರಗಳನ್ನು) ಜೋಡಿಸಿ, ಕೈಯಲ್ಲೇ ಅಚ್ಚು ಹಾಕುತ್ತಿದ್ದವರು ಹೆಂಗಸರು. ನೀವು ಮೊದಲು ‘ಟಾಯ್ನ್’ ಓದಿ.