ಅತ್ತೆಗೆ ರೊಟ್ಟಿ ಬೇಡವಾಗಿದ್ದು ಯಾಕೆ?

ಪ್ರಶ್ನೆ: ಡಾಕ್ಟರ್, ನಮ್ಮ ಅತ್ತೆಗೆ 72 ವರ್ಷ. ಆರು ವರ್ಷದ ಹಿಂದೆ ಹಲ್ಲೆಲ್ಲ ತೆಗೆಸಿ ಸೆಟ್ ಹಾಕಿಸಿದ್ದೆವು. ಈಗ ಸಡಿಲವಾಗಿದೆ, ಚುಚ್ಚುತ್ತದೆ ಅಂತ ಡಬ್ಬಿಯಲ್ಲೇ ಇಟ್ಟಿದ್ದಾರೆ. ಜೋಳದ ರೊಟ್ಟಿ ಇಲ್ಲದೆ ಊಟ ಮಾಡದವರು ಈಗ ಹಾಲು ಅನ್ನ, ಗಂಜಿ ಸಾಕು ಅನ್ನುತ್ತಾರೆ. ತೂಕ ಇಳಿದಿದೆ. ಮದುವೆ, ಸೀಮಂತ ಯಾವುದಕ್ಕೂ ಬರುವುದಿಲ್ಲ. ಬಿಪಿ, ಶುಗರ್ ಮಾತ್ರೆ ನಡೆದಿದೆ. ಯಜಮಾನರು ‘ವಯಸ್ಸಾಯ್ತು, ಬಿಡು’ ಅನ್ನುತ್ತಾರೆ. ಏನು ಮಾಡಲಿ?
- ಒಬ್ಬ ಸೊಸೆ, ಗದಗ

ಉತ್ತರ: ಬಿಡಬೇಡಿ. ವಯಸ್ಸಾಯ್ತು ಅನ್ನುವ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಸರಿಮಾಡಬಹುದಾದ ತೊಂದರೆಯನ್ನು ಹಿರಿಯರು ಆ ಮಾತಿಗೆ ಹೆದರಿ ಸುಮ್ನೆ ನುಂಗಿಕೊಳ್ಳುತ್ತಾರೆ.

ಹಿರಿಯರ ಬಾಯಿಯ ಸ್ಥಿತಿ ತಿಳಿಯಲು 1990ರಲ್ಲಿ ಅಮೆರಿಕದಲ್ಲಿ 12 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಹಲ್ಲು ಎಷ್ಟಿವೆ ಅಂತ ಅದರಲ್ಲಿ ಕೇಳುವುದೇ ಇಲ್ಲ. ಬಾಯಿಯ ತೊಂದರೆಯಿಂದ ಊಟ ಕಡಿಮೆ ಮಾಡಿದ್ದೀರಾ, ಜನರ ಜೊತೆ ಬೆರೆಯುವುದು ಕಡಿಮೆಯಾಗಿದೆಯಾ, ನಾಲ್ಕು ಜನರ ಎದುರು ತಿನ್ನಲು ಮುಜುಗರವಾ ಅಂತ ಕೇಳುತ್ತಾರೆ. ಪತ್ರದಲ್ಲಿ ನೀವು ಬರೆದಿರುವುದೂ ಇದೇ ಅಲ್ವಾ? ಪಂಕ್ತಿಯಲ್ಲಿ ಕೂತಾಗ ಸೆಟ್ ಜಾರಿ ಬಿದ್ದರೆ ಅನ್ನುವ ಭಯ ಸಣ್ಣದಲ್ಲ. ಮದುವೆಗೆ ಯಾಕೆ ಬರಲ್ಲ ಅಂತ ಅವರನ್ನು ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿ ನೋಡಿ.

ಹಲ್ಲು ಹೋದ ಮೇಲೆ ಅದನ್ನು ಹಿಡಿದುಕೊಂಡಿದ್ದ ದವಡೆಯ ಮೂಳೆ ವರ್ಷ ವರ್ಷವೂ ಸವೆಯುತ್ತದೆ. ಸೆಟ್ ಮಾತ್ರ ಆರು ವರ್ಷದ ಹಿಂದಿನ ಅಳತೆಯದು. ಕೆಳಗಿನ ಸೆಟ್ ಹೆಚ್ಚು ಅಲ್ಲಾಡುತ್ತದೆ. ಅಲ್ಲಿ ಹಿಡಿತಕ್ಕೆ ಜಾಗ ಕಡಿಮೆ, ಜೊತೆಗೆ ನಾಲಿಗೆ ತಳ್ಳುತ್ತಿರುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಸೆಟ್‌ನ ಒಳಮೈಗೆ ಹೊಸ ಪದರ ಕೊಟ್ಟು ಈಗಿನ ಒಸಡಿಗೆ ಕೂರಿಸಬಹುದಾ ಅಂತ ನೋಡುತ್ತಾರೆ. ತೀರಾ ಸವೆದಿದ್ದರೆ ಹೊಸದೇ ಬೇಕು. ಅನುಕೂಲವಿದ್ದು ಶುಗರ್ ಹತೋಟಿಯಲ್ಲಿದ್ದರೆ ಕೆಳದವಡೆಗೆ ಎರಡು ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಲೋಹದ ತಿರುಪು) ಹಾಕಿ ಅದರ ಮೇಲೆ ಸೆಟ್ ಕೂರಿಸುವುದೂ ಉಂಟು. ಆಗ ಹಿಡಿತ ತುಂಬ ಚೆನ್ನಾಗಿರುತ್ತದೆ. ಮನೆಯಲ್ಲೇ ಅರದಿಂದ ಉಜ್ಜಿ ಸರಿಮಾಡಲು ಮಾತ್ರ ಹೋಗಬೇಡಿ.

ಇನ್ನೊಂದು ವಿಷಯ, ಬಾಯಿ ಒಣಗುತ್ತದಾ ಕೇಳಿ. ಸೆಟ್ ಅಂಟಿ ನಿಲ್ಲಲು ಜೊಲ್ಲಿನ ತೆಳು ಪದರ ಬೇಕೇಬೇಕು. ಬಿಪಿಯ ಕೆಲವು ಮಾತ್ರೆ, ಅಲರ್ಜಿ ಮಾತ್ರೆ, ಏರಿದ ಶುಗರ್ ಇವೆಲ್ಲ ಬಾಯಿ ಒಣಗಿಸುತ್ತವೆ. ಒಣಬಾಯಲ್ಲಿ ಸೆಟ್ ಉಜ್ಜಿ ಹುಣ್ಣಾಗುತ್ತದೆ, ಊಟದ ರುಚಿಯೂ ಕೆಡುತ್ತದೆ. ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ತಿಳಿಸಿ. ತೂಕ ಇಳಿಯಲು ಶುಗರ್ ಕೂಡ ಕಾರಣವಾಗಿರಬಹುದು, ಆ ಪರೀಕ್ಷೆಯನ್ನೂ ಈಗಲೇ ಮಾಡಿಸಿ.

ಅಲ್ಲಿಯವರೆಗೆ ಬರೀ ಗಂಜಿಯಲ್ಲಿ ದಿನ ಕಳೆಯದಿರಲಿ. ಚೆನ್ನಾಗಿ ಬೆಂದ ಹೆಸರುಬೇಳೆ, ಮೊಸರು, ಮೆತ್ತಗೆ ಬೇಯಿಸಿದ ಸೊಪ್ಪು ಕೊಡಿ, ತಿನ್ನುವವರಾದರೆ ಮೊಟ್ಟೆಯೂ ಆಗುತ್ತದೆ. ಬಿಸಿರೊಟ್ಟಿ ಮುರಿದು ಬೇಳೆಸಾರಿನಲ್ಲಿ ನೆನೆಸಿ ಕೊಡಿ, ಬೇಡ ಅನ್ನಲಾರರು.

ಸೆಟ್ ಸರಿಯಾದ ಮೇಲೆ ರಾತ್ರಿ ತೆಗೆದು, ಮೆತ್ತನೆಯ ಬ್ರಷ್‌ನಲ್ಲಿ ತೊಳೆದು, ತಣ್ಣೀರಿನಲ್ಲಿ ಇಡಲಿ. ಬಿಸಿನೀರಿಗೆ ಹಾಕಿದರೆ ಆಕಾರ ಕೆಡುತ್ತದೆ. ಒಸಡು, ನಾಲಿಗೆಯನ್ನೂ ದಿನಾ ಒರೆಸಿಕೊಳ್ಳಬೇಕು. ಎಲೆಅಡಿಕೆ, ತಂಬಾಕಿನ ಅಭ್ಯಾಸ ಇದ್ದರೆ ಮರೆಮಾಚದೆ ಡಾಕ್ಟರಿಗೆ ಹೇಳಿ. ಚುಚ್ಚಿ ಆದ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ತಡಮಾಡದೆ ತೋರಿಸಿ. ನೋವಿಲ್ಲದಿದ್ದರೂ ತೋರಿಸಿ.

ಬಿಪಿಎಲ್ ಕಾರ್ಡ್ ಇದ್ದರೆ ಹಲ್ಲಿನ ಸೆಟ್ ಉಚಿತವಾಗಿ ಮಾಡಿಕೊಡುವ ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆಯ ಬಗ್ಗೆ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ಹೋಗುವಾಗ ಡಬ್ಬಿಯಲ್ಲಿರುವ ಹಳೇ ಸೆಟ್, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಎರಡೂ ಜೊತೆಗಿರಲಿ.