ಲೂಪ್ ಬರೆದಿಲ್ಲ, ಆದರೂ ಸುತ್ತುತ್ತಿದೆ

ಪ್ರಶ್ನೆ: ನಾನು ಬಿಸಿಎ ಎರಡನೇ ವರ್ಷದ ವಿದ್ಯಾರ್ಥಿ. ನಮ್ಮೂರ ಹಾಲಿನ ಡೈರಿ ಲೆಕ್ಕಕ್ಕೆ ಅಂತ ಪೈಥಾನ್‌ನಲ್ಲಿ ಒಂದು ಕ್ಲಾಸ್ ಬರೆದೆ. ಫ್ಯಾಟ್ ಸೊನ್ನೆಗಿಂತ ಕಡಿಮೆ ಕೊಟ್ಟರೆ ತಗೊಳ್ಳಬಾರದು ಅಂತ ಪ್ರಾಪರ್ಟಿ ಸೆಟ್ಟರ್ (ಕೊಟ್ಟ ವ್ಯಾಲ್ಯೂ ಪರೀಕ್ಷಿಸಿ ಒಳಗೆ ಇಡುವ ಫಂಕ್ಷನ್) ಹಾಕಿದೆ. ರನ್ ಮಾಡಿದರೆ ರಿಕರ್ಶನ್ ಎರರ್ ಬರುತ್ತಿದೆ. ನಾನು ಲೂಪ್ ಬರೆದೇ ಇಲ್ಲ! ಸೆಟ್ಟರ್‌ನ ಕೊನೆಯ ಸಾಲು ಇಷ್ಟೇ: ಸೆಲ್ಫ್.ಫ್ಯಾಟ್ = ವ್ಯಾಲ್ಯೂ. ತಪ್ಪೆಲ್ಲಿದೆ?

ಉತ್ತರ: ಆ ಕೊನೆಯ ಸಾಲಿನಲ್ಲೇ ಇದೆ. ಪ್ರಾಪರ್ಟಿ ಮಾಡಿದ ಮೇಲೆ ಫ್ಯಾಟ್ ಅನ್ನೋದು ಬರೀ ಹೆಸರಲ್ಲ, ಅದಕ್ಕೆ ಯಾರು ಎಲ್ಲಿಂದ ಬೆಲೆ (ಅಂದರೆ ವ್ಯಾಲ್ಯೂ) ಕೊಟ್ಟರೂ ಪೈಥಾನ್ ಸೆಟ್ಟರನ್ನೇ ಕರೆಯುತ್ತದೆ, ಸೆಟ್ಟರ್ ಒಳಗಿಂದ ಕೊಟ್ಟರೂ ಅಷ್ಟೇ. ಹಾಗಾಗಿ ಅದು ತನ್ನನ್ನೇ ಕರೆಯುತ್ತಾ ಹೋಗುತ್ತದೆ. ಸಾಮಾನ್ಯವಾಗಿ 1000 ಹಂತದ ಆಸುಪಾಸಿನಲ್ಲಿ ಪೈಥಾನ್ ಸಾಕು ಅಂತ ನಿಲ್ಲಿಸುತ್ತದೆ. ನೀವು ನೋಡಿದ ಎರರ್ ಅದೇ.

ಬೆಲೆ ಇಡೋದಕ್ಕೆ ಬೇರೆ ಹೆಸರು ಬೇಕು. ಮುಂದೆ ಒಂದು ಅಂಡರ್‌ಸ್ಕೋರ್ ಸೇರಿಸಿ ಸೆಲ್ಫ್._ಫ್ಯಾಟ್ = ವ್ಯಾಲ್ಯೂ ಅಂತ ಬರೆಯಿರಿ. ಓದುವ ಫಂಕ್ಷನ್ ಕೂಡ _ಫ್ಯಾಟನ್ನೇ ರಿಟರ್ನ್ ಮಾಡಬೇಕು, ಇಲ್ಲದಿದ್ದರೆ ಅಲ್ಲೂ ಇದೇ ಕಥೆ.

ಈಗ ಒಂದು ಮಾತು ಗಮನವಿಟ್ಟು ಕೇಳಿ. ಎಷ್ಟೋ ಜನ ಈ ಹಂತದಲ್ಲಿ ಫೈಲ್ ತುಂಬಾ ಫ್ಯಾಟ್ ಇದ್ದಲ್ಲೆಲ್ಲ ಅಂಡರ್‌ಸ್ಕೋರ್ ಹಾಕಿಬಿಡುತ್ತಾರೆ, ಇನಿಟ್ (ಕ್ಲಾಸ್‌ನಿಂದ ಆಬ್ಜೆಕ್ಟ್ ಮಾಡುವಾಗ ತಾನಾಗಿ ಓಡುವ ಫಂಕ್ಷನ್) ಒಳಗೂ ಸೇರಿ. ಎರರ್ ಹೋಗುತ್ತದೆ, ಎಲ್ಲ ಸರಿಯಾಯ್ತು ಅನ್ನಿಸುತ್ತದೆ. ಆದರೆ ಆಬ್ಜೆಕ್ಟ್ ಮಾಡುವಾಗಲೇ -4 ಕೊಟ್ಟು ನೋಡಿ, ಸುಮ್ನೆ ಒಳಗೆ ಹೋಗಿ ಕೂತಿರುತ್ತದೆ! ಇನಿಟ್‌ನಿಂದ ನೇರ _ಫ್ಯಾಟ್‌ಗೆ ಬರೆದರೆ ಸೆಟ್ಟರ್‌ನ ಪರೀಕ್ಷೆ ನಡೆಯೋದೇ ಇಲ್ಲ ಅಲ್ವಾ? ಎರರ್ ಬರುವ ತಪ್ಪಿಗಿಂತ ಇದು ಜಾಸ್ತಿ ಅಪಾಯ, ಯಾಕೆಂದರೆ ರೈತರ ಲೆಕ್ಕ ತಪ್ಪಾದ ಮೇಲೇ ಗೊತ್ತಾಗೋದು. ಇನಿಟ್‌ನಲ್ಲಿ ಸೆಲ್ಫ್.ಫ್ಯಾಟ್ ಹಾಗೇ ಇರಲಿ.

ಸೆಟ್ಟರ್ ಕೈಕೊಟ್ಟಾಗ ನಾನು ಮೊದಲು ಅದರ ಮೊದಲ ಸಾಲಿನಲ್ಲಿ ಒಂದು ಪ್ರಿಂಟ್ ಹಾಕುತ್ತೇನೆ. ಸಾಲುಸಾಲಾಗಿ ಪ್ರಿಂಟ್ ಆಗುತ್ತಲೇ ಹೋದರೆ ನಿಮ್ಮ ಈಗಿನ ತಪ್ಪು. ಒಂದೂ ಬರದಿದ್ದರೆ ಸೆಟ್ಟರ್ ಓಡೇ ಇಲ್ಲ. ಬೆಲೆ ಕೊಡುವಾಗ ಫ್ಯಾಟ್ ಸ್ಪೆಲಿಂಗ್‌ನಲ್ಲಿ ಒಂದಕ್ಷರ ತಪ್ಪಿದ್ದರೂ ಹೀಗಾಗುತ್ತದೆ, ಪೈಥಾನ್ ಬೈಯೋದಿಲ್ಲ, ಆ ತಪ್ಪು ಹೆಸರಲ್ಲೇ ಹೊಸದೊಂದು ಆಟ್ರಿಬ್ಯೂಟ್ (ಆಬ್ಜೆಕ್ಟ್ ಒಳಗೆ ಬೆಲೆ ಇಡುವ ಹೆಸರು) ಮಾಡಿಬಿಡುತ್ತದೆ. ಇನ್ನು @ಫ್ಯಾಟ್.ಸೆಟ್ಟರ್ ಕೆಳಗಿನ ಫಂಕ್ಷನ್ ಹೆಸರೂ ಫ್ಯಾಟ್ ಅಂತಲೇ ಇರಬೇಕು. ಸೆಟ್_ಫ್ಯಾಟ್ ಅಂತ ಇಟ್ಟರೆ ಫ್ಯಾಟ್‌ಗೆ ಸೆಟ್ಟರೇ ಇರೋದಿಲ್ಲ. ಪೈಥಾನ್ 3.11ರಿಂದ ಈಚೆಗೆ ಎರರ್ ಕೂಡ ಸೆಟ್ಟರ್ ಇಲ್ಲ ಅಂತ ನೇರವಾಗಿ ಹೇಳುತ್ತದೆ.

ತಿದ್ದಿದ ಮೇಲೆ 4.2 ಮತ್ತು -4 ಎರಡನ್ನೂ ಕೊಟ್ಟು ನೋಡಿ, ಆಬ್ಜೆಕ್ಟ್ ಮಾಡುವಾಗ ಒಮ್ಮೆ, ಆಮೇಲೆ ಬದಲಾಯಿಸುವಾಗ ಒಮ್ಮೆ.