ತಂಡದ ಮುಖ್ಯಸ್ಥರು ಸಿಟ್ಟು, ಬೇಜಾರು ಮುಖದಲ್ಲಿ ಕಾಣದ ಹಾಗೆ ಇರುವುದು ಹೇಗೆ?

ಮೊದಲ ಸಲ ತಂಡ ಕೈಗೆ ಬಂದಿದೆ, ಭಾವನೆ ತೋರಿಸಿದರೆ ಹಿಡಿತ ತಪ್ಪುತ್ತದೆ, ಅದಕ್ಕೇ ಸಭೆಗೆ ಮುಂಚೆ ಸೊಂಟದ ಮೇಲೆ ಕೈಯಿಟ್ಟು ಎದೆಯುಬ್ಬಿಸಿ ನಿಲ್ಲುತ್ತೇನೆ ಅಂತ ಬರೆದಿದ್ದೀರಿ. ಎಂಟು ವರ್ಷದ ಹಿಂದೆ ನಾನೂ ಹೀಗೇ ಇದ್ದೆ.

ಆರು ಜನರ ತಂಡ. ಮುಖ ಕಲ್ಲಿನ ಹಾಗೆ ಇಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದೆ. ಒಂದು ದಿನ, ಸೇರಿ ಇನ್ನೂ ವರ್ಷ ತುಂಬದ ಹುಡುಗಿಯೊಬ್ಬಳು ಎಲ್ಲರ ಮುಂದೆ ನನ್ನ ಲೆಕ್ಕ ತಪ್ಪಿದೆ ಅಂದಳು. ತಪ್ಪಿದ್ದದ್ದು ನಿಜ. "ಸರಿ, ನೋಡ್ತೀನಿ" ಅಂದೆ. ದನಿ ಏರಲಿಲ್ಲ. ಎಷ್ಟು ಚೆನ್ನಾಗಿ ನಿಭಾಯಿಸಿದೆ ಅಂತ ಹೆಮ್ಮೆಯೂ ಆಯಿತು. ಮೂರು ದಿನದ ನಂತರ ಹೊಸ ಕೆಲಸ ಹಂಚುವಾಗ, ಅವಳು ಆಸೆಪಟ್ಟು ಕೇಳಿದ್ದನ್ನು ಬೇರೆಯವರಿಗೆ ಕೊಟ್ಟೆ. ಅನುಭವ ಸಾಲದು ಅಂತ ಕಾರಣ ಬರೆದೆ.

ನನ್ನ ತಪ್ಪು ಯಾವುದು ಅನ್ನೋದನ್ನು ಬಿಡಿಸಿಯೇ ಹೇಳಬೇಕು. ಸಿಟ್ಟು ಬಂದದ್ದು ತಪ್ಪಲ್ಲ. ನುಂಗಿಕೊಂಡದ್ದೂ ಅಷ್ಟು ದೊಡ್ಡ ತಪ್ಪಲ್ಲ. ನುಂಗಿದ ಮೇಲೆ ಅದು ಹೋಯಿತು ಅಂದುಕೊಂಡೆನಲ್ಲ, ಅದು. ಅಧಿಕಾರ ಇಲ್ಲದವರ ಸಿಟ್ಟು ಬೈಗುಳವಾಗಿ ಹೊರಬರುತ್ತದೆ, ಎಲ್ಲರಿಗೂ ಕಾಣುತ್ತದೆ, ಯಾರಾದರೂ ತಡೆಯುತ್ತಾರೆ. ಅಧಿಕಾರ ಇರುವವರ ಸಿಟ್ಟಿಗೆ ಕೂಗಾಡುವ ಅಗತ್ಯವೇ ಇರುವುದಿಲ್ಲ, ಅದು ತೀರ್ಮಾನದ ವೇಷ ಹಾಕಿಕೊಂಡು ಬಂದು ಸುಮ್ನೆ ಒಂದು ಸಹಿ ಹಾಕಿ ಹೋಗುತ್ತದೆ, ಸಹಿ ಹಾಕಿದವರಿಗೇ ಅದು ಸಿಟ್ಟು ಅಂತ ಗುರುತು ಸಿಗುವುದಿಲ್ಲ. ನಾನು ಆ ಕಾರಣವನ್ನು ನಿಜವಾಗಿಯೂ ನಂಬಿದ್ದೆ.

ಎರಡು ತಿಂಗಳಲ್ಲಿ ಅವಳು ಕೆಲಸ ಬಿಟ್ಟಳು. "ಆವತ್ತೇ ಬೈದುಬಿಟ್ಟಿದ್ರೆ ಚೆನ್ನಾಗಿತ್ತು ಸರ್" ಅಂದಳು. ಆಮೇಲೆ ಇಡೀ ವರ್ಷ ಉಳಿದವರು ಯಾರೂ ನನ್ನ ತಪ್ಪು ಎತ್ತಿ ತೋರಿಸಲಿಲ್ಲ. ತಪ್ಪು ಮಾತ್ರ ಆಗುತ್ತಲೇ ಇತ್ತು.

1993ರಲ್ಲಿ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಅಸಹ್ಯ ಹುಟ್ಟಿಸುವ ಚಿತ್ರ ತೋರಿಸಿ, ಕೆಲವರಿಗೆ ಏನನ್ನೂ ತೋರಗೊಡಬೇಡಿ ಅಂದರು. ಅವರ ಮುಖ ಸುಮ್ಮನಾಯಿತು, ಒಳಗಿನ ಅಸಹ್ಯ ಇಳಿಯಲಿಲ್ಲ. ಇನ್ನು ಸೊಂಟದ ಮೇಲೆ ಕೈಯಿಟ್ಟು ನಿಲ್ಲುವ ನಿಮ್ಮ ಆ ಭಂಗಿ. 2010ರ ಅಧ್ಯಯನವೊಂದು ಅದರಿಂದ ಹಾರ್ಮೋನೂ ಬದಲಾಗುತ್ತದೆ ಅಂದಿತ್ತು. 2015ರಲ್ಲಿ 200 ಜನರ ಮೇಲೆ ಮತ್ತೆ ನೋಡಿದಾಗ, ಬಲ ಬಂದ ಹಾಗೆ ಅನ್ನಿಸಿದ್ದು ಬಿಟ್ಟರೆ ಹಾರ್ಮೋನೂ ಬದಲಾಗಲಿಲ್ಲ, ನಡವಳಿಕೆಯೂ ಬದಲಾಗಲಿಲ್ಲ.

ಹಾಗಾಗಿ ಮುಚ್ಚಿಡುವುದು ಹೇಗೆ ಅಂತ ನಾನು ಹೇಳಿಕೊಡುವುದಿಲ್ಲ. "ನನಗೀಗ ಸಿಟ್ಟು ಬಂದಿದೆ, ನಾಳೆ ಮಾತಾಡೋಣ" ಅಂತ ಬಾಯಿಬಿಟ್ಟು ಹೇಳಿ. ಹಿಡಿತ ತಪ್ಪುವುದಿಲ್ಲ, ನಾನು ಹೇಳಿ ನೋಡಿದ್ದೇನೆ. ಇನ್ನೊಂದು, ಈ ತಿಂಗಳು ನಿಮ್ಮ ಮಾತಿಗೆ ಎದುರು ಹೇಳಿದವರ ಬಗ್ಗೆ ಏನಾದರೂ ತೀರ್ಮಾನ ತೆಗೆದುಕೊಂಡಿದ್ದರೆ, ಅದನ್ನು ಇವತ್ತೇ ತೆಗೆದು ಇನ್ನೊಬ್ಬರಿಗೆ ಓದಲು ಕೊಡಿ.